ಇಸ್ತ್ರಿ ಬಟ್ಟೆಯ ಕೆಳಗೆ ಟೈಪ್‌ರೈಟರ್: ಮಾರ್ಮನ್ ಮನೆಗಳಲ್ಲಿ ಕೂತು ಬರೆದ ಹೆಂಗಸರ ಬಗ್ಗೆ

ಸುಮಾ_ಯೂಟಾ

ಅಮೆರಿಕದ ಯೂಟಾ ರಾಜ್ಯ ಮಾರ್ಮನ್ ಎಂಬ ಕ್ರೈಸ್ತ ಪಂಥದವರ ನೆಲೆ. ಅಲ್ಲಿನ ಸೇಂಟ್ ಜಾರ್ಜ್ ಊರಲ್ಲಿ ಜುವಾನಿಟಾ ಬ್ರೂಕ್ಸ್ ಅಂತ ಆ ಪಂಥದ ಒಬ್ಬರಿದ್ದರು. ಹುಟ್ಟಿದ್ದು 1898ರಲ್ಲಿ. ಮೊದಲ ಗಂಡ ಕ್ಯಾನ್ಸರಿಗೆ ತೀರಿಕೊಂಡರು, ಕೈಯಲ್ಲೊಂದು ಮಗು. ಎರಡನೇ ಮದುವೆಯಾದಾಗ ಗಂಡನ ಮಕ್ಕಳೂ ಸೇರಿಕೊಂಡರು. ಆಮೇಲೆ ಇವರಿಗೇ ಮತ್ತೆ ನಾಲ್ಕು ಮಕ್ಕಳು. ಇಷ್ಟರ ನಡುವೆ ಅವರು ಇತಿಹಾಸ ಬರೆಯುತ್ತಿದ್ದರು. ಯಾರಾದರೂ ಬಾಗಿಲು ತಟ್ಟಿದರೆ ಇಸ್ತ್ರಿಗೆ ಇಟ್ಟ ಬಟ್ಟೆ ರಾಶಿಯನ್ನು ಟೈಪ್‌ರೈಟರ್ ಮೇಲೆ ಹಾಕಿ, ಇಸ್ತ್ರಿ ಮಾಡುತ್ತಿದ್ದವರಂತೆ ನಿಂತುಬಿಡುತ್ತಿದ್ದರಂತೆ. ಇಸ್ತ್ರಿ ಮಾಡುವ ಹೆಂಗಸನ್ನು ಯಾರೂ ಏನೂ ಕೇಳಲ್ಲ, ಅಲ್ವಾ?

ಆ ಟೈಪ್‌ರೈಟರಿನಿಂದ ಹೊರಬಂದದ್ದು ಸಣ್ಣ ವಿಷಯ ಅಲ್ಲ. 1857ರ ಸೆಪ್ಟೆಂಬರ್ 11ರಂದು ಮೌಂಟನ್ ಮೆಡೋಸ್ ಅನ್ನುವ ಜಾಗದಲ್ಲಿ ಮಾರ್ಮನ್ ಸೈನಿಕ ದಳದವರು ಸುಮಾರು 120 ಜನ ವಲಸಿಗರನ್ನು ಕೊಂದಿದ್ದರು. ಸುತ್ತಮುತ್ತಲ ಊರುಗಳಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಜುವಾನಿಟಾ ಅದನ್ನು ದಾಖಲೆ ಸಮೇತ ಬರೆದು 1950ರಲ್ಲಿ ಪುಸ್ತಕ ಮಾಡಿದರು. ಚರ್ಚಿನಿಂದ ಅವರನ್ನು ಹೊರಹಾಕಲಿಲ್ಲ. ಅವರೂ ಬಿಟ್ಟು ಹೋಗಲಿಲ್ಲ.

ನಾನು ಯೂಟಾಗೆ ಬಂದ ಮೇಲೆ ಓದಿದ ಪುಸ್ತಕಗಳಲ್ಲೆಲ್ಲ ಈ ಥರದ ಹೆಂಗಸರೇ ಸಿಗುತ್ತಿದ್ದಾರೆ. ಮನೆ ಬಿಟ್ಟವರಲ್ಲ, ಮನೆಯೊಳಗೇ ಕೂತು ಬರೆದವರು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಈ ಚರ್ಚಿನಲ್ಲಿ ಪ್ರೀಸ್ಟ್‌ಹುಡ್, ಅಂದರೆ ದೇವರ ಹೆಸರಿನಲ್ಲಿ ವಿಧಿ ನಡೆಸುವ ಅಧಿಕಾರ, ಗಂಡಸರಿಗೆ ಮಾತ್ರ. ಸಂಬಳದ ಪಾದ್ರಿಗಳಿಲ್ಲ, ಎಲ್ಲಾ ಗಂಡಸರೂ ಪಾದ್ರಿಗಳೇ ಅಂದ ಹಾಗೆ. ಹನ್ನೆರಡರ ಹುಡುಗ ಭಾನುವಾರ ಪ್ರಸಾದದ ರೊಟ್ಟಿ ಹಂಚುತ್ತಾನೆ. ಅವನ ಅಮ್ಮ ಬೆಂಚಿನ ಮೇಲೆ ಕೂತು ತೆಗೆದುಕೊಳ್ಳುತ್ತಾಳೆ, ಹಂಚುವಂತಿಲ್ಲ. 1995ರಲ್ಲಿ ಚರ್ಚು ಕುಟುಂಬದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಮನೆಗೆ ಅಧ್ಯಕ್ಷ ಅಪ್ಪ, ಮಕ್ಕಳನ್ನು ಸಾಕಿ ಬೆಳೆಸುವುದು ಮುಖ್ಯವಾಗಿ ಅಮ್ಮನ ಹೊಣೆ, ಇಬ್ಬರೂ ಸಮಾನ ಜೊತೆಗಾರರು ಎಂದು ಅದರಲ್ಲೇ ಇದೆ. ಇಲ್ಲಿ ಎಷ್ಟೋ ಮನೆಗಳ ಹಾಲಿನಲ್ಲಿ ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕಿರುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಈ ಹೆಂಗಸರ ಬರಹದಿಂದ ಆ ಹಾಲಿನೊಳಗೆ ಏನಾದರೂ ಬದಲಾಯಿತಾ?

ತರ್ಲೆ ತಮ್ಮ

ಬಹುಪತ್ನಿತ್ವದವರು ತಾನೇ ಇವರು? ಒಬ್ಬೊಬ್ಬನಿಗೆ ಹತ್ತು ಹೆಂಡತಿ. ಇದರಲ್ಲಿ ಬದಲಾವಣೆ ಎಲ್ಲಿಂದ ಬಂತು ಅಕ್ಕಾ. ಸುಮ್ನೆ ಬಿಟ್ಟು ಹೋಗೋದು ತಾನೇ.

ಹಳೇಪೇಪರ್

ತಮ್ಮಾ, ಬಹುಪತ್ನಿತ್ವವನ್ನು ಚರ್ಚು 1890ರಲ್ಲೇ ನಿಲ್ಲಿಸುತ್ತೇವೆ ಎಂದು ಪ್ರಕಟಿಸಿತು. 1904ರಲ್ಲಿ ಇನ್ನೊಂದು ಸಲ ಬಿಗಿಮಾಡಿತು. ಈಗ ಹಾಗೆ ಮದುವೆಯಾದರೆ ಚರ್ಚಿನಿಂದಲೇ ಹೊರಗೆ. ಟೀವಿಯಲ್ಲಿ ನೋಡೋದು ಬೇರೆ ಸಣ್ಣ ಪಂಗಡಗಳದ್ದು.

ಆದರೆ ಆ ಕಾಲದ ಹೆಂಗಸರ ಕಥೆ ನೀವಂದುಕೊಂಡಷ್ಟು ಸರಳ ಅಲ್ಲ. ಯೂಟಾದ ಹೆಂಗಸರಿಗೆ ಓಟಿನ ಹಕ್ಕು ಬಂದದ್ದು 1870ರಲ್ಲಿ, ಇಡೀ ಅಮೆರಿಕಕ್ಕೆ ಬರುವುದಕ್ಕೆ 50 ವರ್ಷ ಮೊದಲು. ಓಟು ಕೊಟ್ಟರೆ ಇವರೇ ಬಹುಪತ್ನಿತ್ವವನ್ನು ಕಿತ್ತುಹಾಕುತ್ತಾರೆ ಎಂದು ಹೊರಗಿನ ಕೆಲವರು ಲೆಕ್ಕ ಹಾಕಿದ್ದರು. ಹೆಂಗಸರು ಹಾಗೆ ಮಾಡಲಿಲ್ಲ. 1887ರಲ್ಲಿ ಅಮೆರಿಕದ ಸಂಸತ್ತು ಬಹುಪತ್ನಿತ್ವದ ವಿರುದ್ಧ ಕಾನೂನು ತಂದು, ಅದೇ ಕಾನೂನಿನಲ್ಲಿ ಈ ಹೆಂಗಸರ ಓಟನ್ನೂ ಕಿತ್ತುಕೊಂಡಿತು. ಯಾರನ್ನು ಬಿಡಿಸಲು ಹೊರಟಿದ್ದರೋ ಅವರ ಕೈಯಿಂದಲೇ!

1872ರಿಂದ 1914ರವರೆಗೆ ಅಲ್ಲಿ 'ವುಮನ್ಸ್ ಎಕ್ಸ್‌ಪೋನೆಂಟ್' ಅನ್ನುವ ಪತ್ರಿಕೆ ನಡೆಯಿತು. ಶುರು ಮಾಡಿದ ಸಂಪಾದಕಿ ಲೂಲಾ ಗ್ರೀನ್‌ಗೆ ಇಪ್ಪತ್ತಮೂರು ವಯಸ್ಸು, ಆಗಿನ್ನೂ ಮದುವೆಯಾಗಿರಲಿಲ್ಲ. ಐದು ವರ್ಷಕ್ಕೆ ಅವರು ಬಿಟ್ಟರು. ಮುಂದೆ ಕೊನೆಯ ಸಂಚಿಕೆವರೆಗೂ ನಡೆಸಿದವರು ಎಮ್ಮಲೀನ್ ವೆಲ್ಸ್. ಈಕೆಯ ಬದುಕು ನೋಡಿ. ಹದಿನೈದಕ್ಕೆ ಮದುವೆ. ಮಗು ಸತ್ತಿತು, ಗಂಡ ಬಿಟ್ಟು ಹೋದ. ಆಮೇಲೆ ಇನ್ನೊಬ್ಬರ ಹಲವು ಹೆಂಡತಿಯರಲ್ಲಿ ಒಬ್ಬಳಾದಳು, ಆತ ತೀರಿಕೊಂಡರು. 1852ರಲ್ಲಿ ತಾನೇ ಪತ್ರ ಬರೆದು ಕೇಳಿ ಡೇನಿಯಲ್ ವೆಲ್ಸ್ ಅವರ ಏಳನೇ ಹೆಂಡತಿಯಾದಳು.

ಪತ್ರಿಕೆಯಲ್ಲಿ ಈಕೆ ಬಹುಪತ್ನಿತ್ವವನ್ನು ಸಮರ್ಥಿಸಿ ಬರೆದರು. ಗಂಡನ ಸುತ್ತಲೇ ಸುತ್ತಬೇಕಿಲ್ಲ, ಹೆಂಗಸು ತನ್ನ ಕಾಲಿನ ಮೇಲೆ ನಿಲ್ಲುತ್ತಾಳೆ ಎನ್ನುವ ಧಾಟಿ. ದಿನಚರಿಯಲ್ಲಿ ಬೇರೆಯೇ ಹೆಂಗಸು. ಗಂಡ ಬೇರೆ ಮನೆಯಲ್ಲಿ, ಬೇರೆ ಹೆಂಡತಿಯರ ಜೊತೆ. ಸ್ವಲ್ಪವಾದರೂ ಪ್ರೀತಿ ತೋರಿಸಬಾರದಾ, ಇಷ್ಟೊಂದು ಅಸಡ್ಡೆ ಯಾಕೆ ಎಂದು 1874ರಲ್ಲಿ ಬರೆದುಕೊಳ್ಳುತ್ತಾಳೆ. ಹಗಲು ಸಂಪಾದಕೀಯ, ರಾತ್ರಿ ಇದು. ಎರಡರಲ್ಲಿ ಯಾವುದು ನಿಜ ಎಂದು ಕೇಳಬೇಡಿ. ಎರಡೂ ಅವಳದೇ.

ಕಡಲತೀರದವ

ಹಳೇಪೇಪರ್ ಮಾರಾಯ್ರೆ, ಬಹಳ ಚಂದ ಬರೆದಿದ್ದೀರಿ. ಆದರೆ ಬಿಟ್ಟು ಹೋಗಿ ಬರೆದವರನ್ನು ಮರೆಯಬೇಡಿ. ಬ್ರಿಗಮ್ ಯಂಗ್ ಅವರ ಹೆಂಡತಿಯೊಬ್ಬಳು, ಆನ್ ಎಲೈಜಾ, ಆತನ ಮೇಲೆಯೇ ವಿಚ್ಛೇದನದ ಕೇಸು ಹಾಕಿ, ಊರೂರು ಸುತ್ತಿ ಭಾಷಣ ಮಾಡಿ, 1875ರಲ್ಲಿ ಪುಸ್ತಕ ಬರೆದಳು. ಚರ್ಚಿನ ಅಧ್ಯಕ್ಷನ ಮೇಲೆ ಕೇಸು, ಅದೂ ಆ ಕಾಲದಲ್ಲಿ!

ಹಳೇಪೇಪರ್

ಧೈರ್ಯ ಒಪ್ಪಿದೆ. ಆದರೆ ಆ ಪುಸ್ತಕಗಳನ್ನು ಹೊರಗಿನವರು ಓದಿದ್ದು ಮಾರ್ಮನರನ್ನು ಹಳಿಯಲು. ತಮ್ಮ ಮನೆಗಳ ಗಂಡಸರು ಹೇಗಿದ್ದಾರೆ ಎಂದು ಅವುಗಳನ್ನು ಓದಿ ಯಾರೂ ತಿರುಗಿ ನೋಡಲಿಲ್ಲ. ಒಳಗಿನವರಂತೂ ಮುಟ್ಟಲಿಲ್ಲ. ಹಾಲಿನೊಳಗೆ ಏನು ಬದಲಾಯಿತು ಅನ್ನುವ ಸುಮಾ ಅವರ ಪ್ರಶ್ನೆಗೆ ಅವು ಉತ್ತರ ಆಗಲ್ಲ ಅಂತ ನನಗನಿಸುತ್ತೆ.

ಭಾನುವಾರದ ಬೆಂಚು

ನಾನು ಬೆಂಗಳೂರಿನವಳು, ಇದೇ ಚರ್ಚಿನ ಸದಸ್ಯೆ. ಇಲ್ಲಿ ಟೆಂಪಲ್ (ವಿಶೇಷ ವಿಧಿಗಳು ನಡೆಯುವ ನಮ್ಮ ಮಂದಿರ) ಕಟ್ಟುತ್ತೇವೆಂದು 2018ರಲ್ಲಿ ಘೋಷಣೆಯಾಗಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆ ಥರದ ಕಾರ್ಯಕ್ರಮ ಆಯಿತು. ಮೊದಲ ಮಾತು, ಚರ್ಚಿಗೆ ಮಾರ್ಮನ್ ಎಂಬ ಅಡ್ಡಹೆಸರು ಬಳಸಬೇಡಿ ಎಂದು ನಮ್ಮ ಆಗಿನ ಅಧ್ಯಕ್ಷರು 2018ರಲ್ಲೇ ಕೇಳಿಕೊಂಡಿದ್ದಾರೆ. ಇರಲಿ, ನಿಮಗೆಲ್ಲ ಅದೇ ರೂಢಿ.

ನನಗೆ ಗೊತ್ತಿರುವ ಮನೆಗಳ ಬಗ್ಗೆ ಹೇಳುತ್ತೇನೆ. ಗಂಡ ಕುಡಿಯುವಂತಿಲ್ಲ, ಸಿಗರೇಟು ಸೇದುವಂತಿಲ್ಲ. (ಕಾಫಿ, ಟೀ ಕೂಡ ಇಲ್ಲ. ಅದಕ್ಕೆ ನಮ್ಮಮ್ಮ ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.) ಸೋಮವಾರ ಸಂಜೆ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಕೂತು ಪ್ರಾರ್ಥನೆ, ಆಟ, ಮಾತು. ಅಪ್ಪ 'ಅಧ್ಯಕ್ಷ' ಅಂದರೆ ಇವತ್ತು ಯಾರು ಪ್ರಾರ್ಥನೆ ಮಾಡುತ್ತೀರಿ ಎಂದು ಕೇಳುವವನು, ಅಷ್ಟೆ. ದುಡಿದದ್ದನ್ನು ಬಾರಿಗೆ ಸುರಿದು ಬಂದು ಬಡಿಯುವ ಗಂಡಂದಿರನ್ನು ಕಂಡವರಿಗೆ ಇದನ್ನು ಪುರುಷಪ್ರಧಾನ ಎಂದು ಬಯ್ಯಲು ಮನಸ್ಸು ಬರುವುದಿಲ್ಲ. ಬೋಸ್ಟನ್ನಿನ ಹೆಂಗಸರ ಕಷ್ಟ ಬೇರೆ, ನಮ್ಮದು ಬೇರೆ.

ಮೈಸೂರು ಮೀನಾ

ಬೆಂಚು ಮೇಡಂ, ನಿಮ್ಮ ಮಾತಿಗೆ ತೂಕ ಇದೆ. ಆದರೆ ಒಳ್ಳೆ ಅಧ್ಯಕ್ಷ ಸಿಕ್ಕಿದ್ದು ನಿಮ್ಮ ಅದೃಷ್ಟ. ಕುರ್ಚಿ ಅವನದೇ ಆಗಬೇಕಾ ಅನ್ನೋದು ಇವರ ಪ್ರಶ್ನೆ.

ಸುಮಾ_ಯೂಟಾ

ಬೆಂಚು ಅವರೇ, ನೀವು ಬಂದದ್ದು ತುಂಬ ಒಳ್ಳೆಯದಾಯಿತು. ನೀವು ಬೋಸ್ಟನ್ ಅಂದಿದ್ದಕ್ಕೆ ಆ ಕಥೆಯನ್ನೇ ಹೇಳುತ್ತೇನೆ. ನನ್ನ ಪ್ರಕಾರ ಎಲ್ಲದರ ಬೇರು ಅಲ್ಲಿದೆ.

ನಿಮ್ಮ ರಿಲೀಫ್ ಸೊಸೈಟಿ 1842ರಲ್ಲಿ ಶುರುವಾದ ಹೆಂಗಸರ ಸಂಘ. ಅದಕ್ಕೆ ಸ್ವಂತ ದುಡ್ಡಿತ್ತು. 1915ರಿಂದ ಸ್ವಂತ ಮಾಸಪತ್ರಿಕೆ ಇತ್ತು, ಹೆಂಗಸರೇ ಸಂಪಾದಕರು. 1970ರಲ್ಲಿ ಚರ್ಚಿನ ಆಡಳಿತವನ್ನೆಲ್ಲ ಒಂದೇ ಸೂರಿನಡಿ ತರುವ ನೆಪದಲ್ಲಿ ಹಣದ ಹಿಡಿತ ಗಂಡಸರ ಕೈಗೆ ಹೋಯಿತು. ಅದೇ ವರ್ಷದ ಡಿಸೆಂಬರಿಗೆ ಪತ್ರಿಕೆಯೂ ನಿಂತಿತು. ಅಡುಗೆ, ಕಥೆ, ಕವನ, ಪತ್ರ ಎಂದು ಹೆಂಗಸರು ಬರೆಯುತ್ತಿದ್ದ ಜಾಗ ಹೋಯಿತು.

ಮಾರನೇ ವರ್ಷವೇ, 1971ರಲ್ಲಿ, ಬೋಸ್ಟನ್ ಕಡೆಯ ಒಂದಷ್ಟು ಗೃಹಿಣಿಯರು ಸೇರಿ 'ಡೈಲಾಗ್' ಎಂಬ ಸ್ವತಂತ್ರ ಮಾರ್ಮನ್ ಪತ್ರಿಕೆಯ ಒಂದು ಸಂಚಿಕೆಯನ್ನು ತಾವೇ ತಂದರು. ರಕ್ಷಾಪುಟ ಗುಲಾಬಿ ಬಣ್ಣದ್ದು, ಇವತ್ತಿಗೂ ಎಲ್ಲರೂ ಗುಲಾಬಿ ಸಂಚಿಕೆ ಅಂತಲೇ ಕರೆಯುತ್ತಾರೆ. ಕ್ಲಾಡಿಯಾ ಬುಶ್‌ಮನ್, ಲಾರಲ್ ಥ್ಯಾಚರ್ ಉಲ್ರಿಕ್ ಇವರೆಲ್ಲ ಆ ಗುಂಪಿನವರು. ಕ್ಲಾಡಿಯಾಗೆ ಆರು ಮಕ್ಕಳು, ಲಾರಲ್‌ಗೆ ಐದು. ಸಭೆ ಅಂದರೆ ಮಕ್ಕಳೂ ಜೊತೆಗೇ.

ಆಮೇಲೆ ಅವರಲ್ಲೊಬ್ಬರಿಗೆ ಹಾರ್ವರ್ಡಿನ ವೈಡ್ನರ್ ಗ್ರಂಥಾಲಯದಲ್ಲಿ ಹಳೇಪೇಪರ್ ಹೇಳಿದ ಆ 'ವುಮನ್ಸ್ ಎಕ್ಸ್‌ಪೋನೆಂಟ್' ಸಂಪುಟಗಳು ಕಣ್ಣಿಗೆ ಬಿದ್ದವು. ಓದಿದರೆ ಆಶ್ಚರ್ಯ. ನಮ್ಮ ಮುತ್ತಜ್ಜಿಯರು ಓಟಿಗಾಗಿ ಹೋರಾಡಿದ್ದರಾ? ಡಾಕ್ಟರ್ ಓದಿದ್ದರಾ? ಯಾರೂ ನಮಗೆ ಹೇಳಲೇ ಇಲ್ಲವಲ್ಲ! 1974ರಲ್ಲಿ ಅದೇ ಹೆಸರಿಗೆ 'ಎರಡು' ಸೇರಿಸಿ ಹೊಸ ಪತ್ರಿಕೆ ತೆಗೆದರು. 'ಎಕ್ಸ್‌ಪೋನೆಂಟ್ 2' ಇವತ್ತಿಗೂ ನಡೆಯುತ್ತಿದೆ.

ಅಜ್ಜಿ ಮಾಡಿದ್ದನ್ನು ಮೊಮ್ಮಗಳು ಮಾಡಿದರೆ ದಾರಿ ತಪ್ಪಿದಳು ಎನ್ನಲು ಬರಲ್ಲ. ನೀವು ನಮಗೆ ಸಂಪ್ರದಾಯ ಕಲಿಸುತ್ತಿದ್ದೀರಲ್ಲ, ಇಗೋ ಸಂಪ್ರದಾಯ ಅಂತ ಹಳೆ ಸಂಚಿಕೆ ತೆಗೆದು ತೋರಿಸಿದರು. ಚರ್ಚಿಗೆ ಇದನ್ನು ಹೇಗೆ ಎದುರಿಸಬೇಕು ಎಂದು ಬಹಳ ಕಾಲ ಗೊತ್ತಾಗಲಿಲ್ಲ.

ಕಡಲತೀರದವ

ಡಾಕ್ಟರ್ ಅಂದಿದ್ದಕ್ಕೆ ನೆನಪಾಯಿತು. ಮಾರ್ಥಾ ಹ್ಯೂಸ್ ಕ್ಯಾನನ್ ಡಾಕ್ಟರ್, ಒಬ್ಬರ ನಾಲ್ಕನೇ ಹೆಂಡತಿ. 1896ರಲ್ಲಿ ಯೂಟಾ ಸೆನೆಟ್ಟಿಗೆ ನಿಂತಾಗ ಎದುರು ಪಕ್ಷದ ಅಭ್ಯರ್ಥಿಗಳಲ್ಲಿ ಸ್ವಂತ ಗಂಡನೂ ಇದ್ದ. ಆಕೆ ಗೆದ್ದಳು, ಆತ ಸೋತ. ಅಮೆರಿಕದ ಮೊದಲ ಮಹಿಳಾ ರಾಜ್ಯ ಸೆನೆಟರ್. ಆ ರಾತ್ರಿ ಮನೆಯಲ್ಲಿ ಊಟ ಯಾರು ಬಡಿಸಿದರೋ!

ತರ್ಲೆ ತಮ್ಮ

ಉಳಿದ ಹೆಂಡತಿಯರು ಇದ್ದರಲ್ಲ ಸರ್ 😄

ಮೈಸೂರು ಮೀನಾ

ಲಾರಲ್ ಉಲ್ರಿಕ್ ಅಂದರೆ ಟೀ ಶರ್ಟ್ ಮೇಲೆಲ್ಲ ಇರುತ್ತಲ್ಲ, ಸಭ್ಯ ಹೆಂಗಸರು ಇತಿಹಾಸ ಸೃಷ್ಟಿಸೋದು ಅಪರೂಪ ಅಂತ, ಆ ಮಾತಿನವರಾ? ಹಾಗಾದರೆ ಅವರು ಹೇಳಿದ್ದು ಗಲಾಟೆ ಮಾಡಿ ಅಂತ ತಾನೇ.

ಸುಮಾ_ಯೂಟಾ

ಅವರೇ. ಆದರೆ ಅದು 1976ರ ಒಂದು ಪಾಂಡಿತ್ಯದ ಲೇಖನದ ವಾಕ್ಯ, ಹಳೆ ಕಾಲದ ಶವಸಂಸ್ಕಾರದ ಉಪದೇಶಗಳ ಬಗ್ಗೆ. ಸುಮ್ಮನೆ ತಮ್ಮ ಪಾಡಿಗೆ ಬದುಕಿದ ಹೆಂಗಸರನ್ನು ಇತಿಹಾಸಕಾರರು ಮರೆತೇಬಿಡುತ್ತಾರೆ ಎನ್ನುವ ದೂರು ಅದು. ಅವರು ಮಾಡಿದ್ದೂ ಅದನ್ನೇ. ಮೇನ್ ರಾಜ್ಯದ ಸೂಲಗಿತ್ತಿ ಮಾರ್ಥಾ ಬ್ಯಾಲರ್ಡ್ 1785ರಿಂದ 1812ರವರೆಗೆ ಬರೆದ ದಿನಚರಿಯಲ್ಲಿ ಬರೀ ಹೆರಿಗೆ, ಹವಾಮಾನ, ನೇಯ್ಗೆ ಇದೆ, ಪ್ರಯೋಜನವಿಲ್ಲ ಎಂದು ಪಂಡಿತರು ಬದಿಗಿಟ್ಟಿದ್ದರು. ಲಾರಲ್ ಅದರ ಮೇಲೇ ಪುಸ್ತಕ ಬರೆದು 1991ರಲ್ಲಿ ಪುಲಿಟ್ಜರ್ ಪಡೆದರು. ದಿನಚರಿ ಬರೆಯುವ ಸಮಾಜದಲ್ಲಿ ಬೆಳೆದವರಿಗೆ ಮಾತ್ರ ಅದರಲ್ಲಿ ಚಿನ್ನ ಕಾಣುತ್ತೆ ಅನ್ನೋದು ನನ್ನ ಊಹೆ.

ಇನ್ನೊಂದು ಕೇಳಿ. ಇಂಥ ಪ್ರಶಸ್ತಿ ಬಂದ ಸದಸ್ಯೆಯನ್ನು ಚರ್ಚಿನ ಸ್ವಂತ ವಿಶ್ವವಿದ್ಯಾಲಯದ ಮಹಿಳಾ ಸಮ್ಮೇಳನಕ್ಕೆ ಭಾಷಣಕಾರ್ತಿಯಾಗಿ ಸೂಚಿಸಿದಾಗ, ಆಡಳಿತ ಮಂಡಳಿ ಬೇಡ ಅಂದಿತು. ಅದು 1993ರ ಸಮ್ಮೇಳನಕ್ಕೆ.

ಹಳೇಪೇಪರ್

1993 ಅಂದಿರಿ, ಹಾಗಾದರೆ ಆ ವರ್ಷದ ಕಥೆ ಪೂರ್ತಿ ಹೇಳಬೇಕು. ಮೇ ತಿಂಗಳಲ್ಲಿ ಹಿರಿಯ ನಾಯಕ ಬಾಯ್ಡ್ ಪ್ಯಾಕರ್ ಚರ್ಚಿಗಿರುವ ಮೂರು ಅಪಾಯ ಹೆಸರಿಸಿದರು: ಸಲಿಂಗಿಗಳ ಚಳವಳಿ, ಸ್ತ್ರೀವಾದಿ ಚಳವಳಿ, ಬುದ್ಧಿಜೀವಿಗಳು. ಸೆಪ್ಟೆಂಬರಿನಲ್ಲಿ ಆರು ಜನರ ಮೇಲೆ ಶಿಸ್ತುಕ್ರಮ. ಐವರು ಬಹಿಷ್ಕಾರ, ಒಬ್ಬರಿಗೆ ಕೆಳಗಿನ ಶಿಕ್ಷೆ. ಆರರಲ್ಲಿ ಮೂವರು ಹೆಂಗಸರು.

ಒಬ್ಬರು ಲವೀನಾ ಫೀಲ್ಡಿಂಗ್ ಆಂಡರ್ಸನ್. ಏನು ಬರೆದರು? ಬರಹಗಾರರ ಮೇಲೆ ಚರ್ಚು ಯಾವಾಗ, ಹೇಗೆ ಒತ್ತಡ ಹಾಕಿತು ಎಂದು ತಾರೀಖು ಸಮೇತ ಪಟ್ಟಿ ಮಾಡಿ ಅದೇ 'ಡೈಲಾಗ್'ನಲ್ಲಿ ಹಾಕಿದರು. ಆ ಪಟ್ಟಿಗೆ ಕೊನೆಗೆ ಅವರದೇ ಹೆಸರು ಸೇರಿಸಬೇಕಾಯಿತು!

ತಮ್ಮಾ, ನೀನು ಬಿಟ್ಟು ಹೋಗೋದು ತಾನೇ ಅಂದೆಯಲ್ಲ. ಲವೀನಾ ಬಿಟ್ಟು ಹೋಗಲಿಲ್ಲ. ಬಹಿಷ್ಕಾರ ಆದ ಮೇಲೂ ತಮ್ಮ ವಾರ್ಡಿನ (ಅಂದರೆ ಸ್ಥಳೀಯ ಸಭೆಯ) ಪ್ರಾರ್ಥನೆಗೆ ಹೋಗುತ್ತಲೇ ಇದ್ದರು. ಪ್ರಸಾದ ತೆಗೆದುಕೊಳ್ಳುವಂತಿಲ್ಲ, ತಟ್ಟೆ ಮುಂದಕ್ಕೆ ಕೊಡಬೇಕು. ಮತ್ತೆ ಸೇರಿಸಿಕೊಳ್ಳಿ ಎಂದು ಸ್ಥಳೀಯ ನಾಯಕರೇ ಶಿಫಾರಸು ಮಾಡಿದರೂ 2019ರಲ್ಲಿ ಮೇಲಿನವರು ಒಪ್ಪಲಿಲ್ಲ. 2023ರಲ್ಲಿ ತೀರಿಕೊಂಡರು, ಹಾಗೆಯೇ.

ತರ್ಲೆ ತಮ್ಮ

ನಿಜವಾಗಿ ಕೇಳ್ತಿದ್ದೀನಿ, ತಮಾಷೆ ಅಲ್ಲ. ಯಾಕೆ ಹೋದರು? ಬೇಡ ಅಂದವರ ಮನೆಗೆ ನಾನಾದರೆ ಕಾಲಿಡಲ್ಲ.

ಸುಮಾ_ಯೂಟಾ

ಇಲ್ಲಿ ಚರ್ಚು, ಮನೆ ಬೇರೆ ಬೇರೆ ಅಲ್ಲ ತಮ್ಮಾ. ಟೆಂಪಲಿನಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಸತ್ತ ಮೇಲೂ ಬಿಡದ ಹಾಗೆ ಬೆಸೆಯುತ್ತಾರೆ, ಅದಕ್ಕೆ ಸೀಲಿಂಗ್ ಅನ್ನುತ್ತಾರೆ. ಬಹಿಷ್ಕಾರ ಅಂದರೆ ಆ ಬೆಸುಗೆಯ ಆಶೀರ್ವಾದ ಹೋಯಿತು ಅಂತ. ಇನ್ನು ಈ ಲೋಕದ ಮಾತು. ಟೆಂಪಲಿನ ಒಳಗೆ ಹೋಗಲು ಬಿಷಪ್, ಅಂದರೆ ವಾರ್ಡಿನ ಮುಖ್ಯಸ್ಥ, ಕೊಡುವ ಚೀಟಿ ಬೇಕು. ಚೀಟಿ ಇಲ್ಲದ ಅಮ್ಮ ಮಗಳ ಟೆಂಪಲ್ ಮದುವೆಗೆ ಹೋಗುವಂತಿಲ್ಲ. ಅಮ್ಮ ಹೊರಗಿನ ಕೋಣೆಯಲ್ಲಿ ಕೂತಿರುತ್ತಾಳೆ, ಒಳಗೆ ಬೀಗರೆಲ್ಲ ಇರುತ್ತಾರೆ. ಫೋಟೋ ತೆಗೆಯುವ ಹೊತ್ತಿಗೆ ಹುಲ್ಲುಹಾಸಿನ ಮೇಲೆ ಎಲ್ಲರೂ ಸೇರುತ್ತಾರೆ.

ಒಂದು ಲೇಖನಕ್ಕೆ ಇಷ್ಟು ಬೆಲೆ. ಅದಕ್ಕೇ ಎಷ್ಟೋ ಹೆಂಗಸರು ಬರೆದು ಪೆಟ್ಟಿಗೆಯಲ್ಲಿಟ್ಟರು. ಆಗ ತೀರ್ಪು ಕೊಡುತ್ತಿದ್ದವರು ಯಾರು? ಹೆಚ್ಚಾಗಿ ಬಿಷಪ್, ಜೊತೆಗೆ ಇಬ್ಬರು ಸಲಹೆಗಾರರು, ಮೂವರೂ ಗಂಡಸರು. ಸೋನಿಯಾ ಜಾನ್ಸನ್ ಅವರ ಪ್ರಕರಣ ಹಾಗೇ ನಡೆಯಿತು. ಸಂವಿಧಾನಕ್ಕೆ ಸಮಾನ ಹಕ್ಕಿನ ತಿದ್ದುಪಡಿ ಬೇಕು ಎಂದು ವಾದಿಸಿದ್ದಕ್ಕೆ 1979ರ ಡಿಸೆಂಬರಿನಲ್ಲಿ ಹೊರಗೆ. ಆಕೆ ಎರಡು ವರ್ಷದಲ್ಲಿ ಆತ್ಮಕಥೆ ಬರೆದರು. ನಾಲ್ಕು ಮಕ್ಕಳ ತಾಯಿ, ಅದೇ ಹೊತ್ತಿಗೆ ಮದುವೆಯೂ ಮುರಿಯಿತು. 2014ರಲ್ಲಿ ಹೆಂಗಸರಿಗೂ ಪ್ರೀಸ್ಟ್‌ಹುಡ್ ಕೊಡಿ ಎಂದ ಕೇಟ್ ಕೆಲ್ಲಿಗೂ ಅದೇ ಗತಿ.

ಭಾನುವಾರದ ಬೆಂಚು

ಟೆಂಪಲ್ ಒಳಗಿನ ವಿಷಯ ಇಲ್ಲಿ ಮಾತಾಡಲು ನನಗೆ ಇಷ್ಟವಿಲ್ಲ. ಆದರೆ ಕೇಟ್ ಕೆಲ್ಲಿ ಬರೀ ಪ್ರಶ್ನೆ ಕೇಳಲಿಲ್ಲ, ಸಂಘಟನೆ ಕಟ್ಟಿ ಬಾಗಿಲಿಗೆ ಮೆರವಣಿಗೆ ಬಂದರು. ಯಾವ ಸಂಸ್ಥೆಯಾದರೂ ಸುಮ್ನೆ ಇರುತ್ತಾ? ಇನ್ನೊಂದು, ದಿನಚರಿ ಬರೆಯಿರಿ, ಮನೆತನದ ಕಥೆ ಬರೆಯಿರಿ ಎಂದು ನಮಗೆ ಯಾವಾಗಲೂ ಹೇಳುವುದು ಚರ್ಚೇ. ಬರೆಯಬೇಡಿ ಎಂದು ಯಾರೂ ಹೇಳಿಲ್ಲ.

ಮೈಸೂರು ಮೀನಾ

ಬರೆಯಿರಿ, ಆದರೆ ಅಚ್ಚು ಹಾಕಿಸಬೇಡಿ. ಅಷ್ಟೇ ತಾನೇ ಮೇಡಂ?

ಸುಮಾ_ಯೂಟಾ

ಮೀನಾ ಸ್ವಲ್ಪ ಖಾರವಾಗಿ ಹೇಳಿದರು, ಆದರೆ ನಾನೂ ಅದನ್ನೇ ಹೇಳಬೇಕೆಂದಿದ್ದೆ. 1970ರ ದಶಕದಲ್ಲಿ ಎಲ್ಲರೂ ದಿನಚರಿ ಇಡಿ ಎಂದು ಒತ್ತಿ ಹೇಳಿದವರು ಅಧ್ಯಕ್ಷ ಸ್ಪೆನ್ಸರ್ ಕಿಂಬಾಲ್. ಹೆಂಡತಿಯರೇ, ಟೈಪ್‌ರೈಟರ್ ಬಿಟ್ಟು, ಲಾಂಡ್ರಿ ಬಿಟ್ಟು, ಫ್ಯಾಕ್ಟರಿ ಬಿಟ್ಟು ಮನೆಗೆ ಬನ್ನಿ ಎಂದವರೂ ಅವರೇ. 1987ರಲ್ಲಿ ಮುಂದಿನ ಅಧ್ಯಕ್ಷ ಬೆನ್ಸನ್ ಅದನ್ನೇ ಮತ್ತೆ ಓದಿದರು. ಹೇಳಿದ್ದು ಆಫೀಸಿನ ಟೈಪಿಸ್ಟ್ ಕೆಲಸಕ್ಕೆ, ಗೊತ್ತು. ಆದರೂ ಪಟ್ಟಿಯಲ್ಲಿ ಮೊದಲು ಬಂದದ್ದು ಟೈಪ್‌ರೈಟರ್ರೇ ಎಂದು ಓದಿ ನಗು ಬಂತು.

ದಿನಚರಿ ವಿಷಯದಲ್ಲಿ ನನ್ನನ್ನು ಅಲ್ಲಾಡಿಸಿದ್ದು ಲೇಖಕಿ ಟೆರ್ರಿ ಟೆಂಪೆಸ್ಟ್ ವಿಲಿಯಮ್ಸ್. ಅವರಮ್ಮ 1987ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು, ವಯಸ್ಸು 54. ಸಾಯುವ ಮುಂಚೆ ನನ್ನ ದಿನಚರಿಗಳೆಲ್ಲ ನಿನಗೆ, ನಾನು ಹೋದ ಮೇಲೆ ಮಾತ್ರ ತೆಗೆದು ನೋಡು ಎಂದು ಮಗಳ ಹತ್ತಿರ ಮಾತು ತೆಗೆದುಕೊಂಡಿದ್ದರು. ಮೂರು ಕಪಾಟು ತುಂಬ ಚಂದದ ಬಟ್ಟೆ ಹೊದಿಕೆಯ ಪುಸ್ತಕಗಳು. ಒಂದು ತೆಗೆದರು, ಖಾಲಿ. ಇನ್ನೊಂದು, ಖಾಲಿ. ಒಂದರಲ್ಲೂ ಒಂದಕ್ಷರ ಇಲ್ಲ. ಮಗಳು 2012ರಲ್ಲಿ ಆ ಖಾಲಿ ಪುಟಗಳ ಬಗ್ಗೆಯೇ ಪುಸ್ತಕ ಬರೆದರು. ಬರೆಯಬೇಕು ಎಂಬ ಆಜ್ಞೆಗೆ ಪುಸ್ತಕ ಕೊಂಡು ವಿಧೇಯತೆ, ಅಕ್ಷರ ಬರೆಯದೆ ಅವಿಧೇಯತೆ. ನಾನು ಹಾಗೆ ಓದಿಕೊಂಡೆ. ಲೇಖಕಿ ಒಂದೇ ಉತ್ತರ ಕೊಟ್ಟು ಮುಗಿಸುವುದಿಲ್ಲ.

ಕಡಲತೀರದವ

ಇದು ಬೇಜಾರು ಮಾಡ್ತು ಮಾರಾಯ್ರೆ. ಆದರೆ ಮೂಲ ಪ್ರಶ್ನೆಗೆ ಬನ್ನಿ. ಏನಾದರೂ ಬದಲಾಯಿತಾ ಇಲ್ಲವಾ?

ಹಳೇಪೇಪರ್

ಬದಲಾದದ್ದು ಇದೆ, ಯಾರ ಹೆಸರನ್ನೂ ಹೇಳದೆ ಬದಲಾಗಿದೆ. ಟೆಂಪಲ್ ವಿಧಿಯಲ್ಲಿ ಹೆಂಡತಿ ಗಂಡನ ಮಾತಿನಂತೆ ನಡೆಯುತ್ತೇನೆ ಎಂದು ಪ್ರತಿಜ್ಞೆ ಮಾಡುವುದಿತ್ತು. 1990ರಲ್ಲಿ ಅದು ಮೆತ್ತಗಾಯಿತು, 2019ರ ಜನವರಿಯಲ್ಲಿ ತೆಗೆದರೆಂದು ಪತ್ರಿಕೆಗಳಲ್ಲಿ ಬಂತು. (ಬೆಂಚು ಅವರೇ, ಕ್ಷಮಿಸಿ, ಇಷ್ಟಕ್ಕೇ ನಿಲ್ಲಿಸುತ್ತೇನೆ.) 2013ರಲ್ಲಿ ಮೊದಲ ಸಲ ಒಬ್ಬ ಹೆಂಗಸು ಚರ್ಚಿನ ಮಹಾಸಮ್ಮೇಳನದಲ್ಲಿ ಪ್ರಾರ್ಥನೆ ಹೇಳಿದರು. ಹೆಂಗಸರ ಅಧಿಕಾರದ ಬಗ್ಗೆ, ದೇವತಾಯಿ (ಸ್ವರ್ಗದ ತಾಯಿ) ಇದ್ದಾಳೆ ಎಂಬ ಲೇಖನಗಳೂ ಸೇರಿದ ಸಂಕಲನವನ್ನು 1992ರಲ್ಲಿ ತಂದ ಮ್ಯಾಕ್ಸೀನ್ ಹ್ಯಾಂಕ್ಸ್ ಆ ಆರು ಜನರಲ್ಲಿ ಒಬ್ಬರು. 2015ರಲ್ಲಿ ದೇವತಾಯಿ ಬಗ್ಗೆ ಚರ್ಚೇ ಪ್ರಬಂಧ ಪ್ರಕಟಿಸಿತು. ಮ್ಯಾಕ್ಸೀನ್ 2012ರಲ್ಲೇ ವಾಪಸ್ ಸೇರಿದ್ದರು.

ಬದಲಾಗದ್ದೂ ಇದೆ. ಹೆಂಡತಿ ಸತ್ತ ಗಂಡಸು ಎರಡನೆಯವಳ ಜೊತೆಗೂ ಶಾಶ್ವತವಾಗಿ ಬೆಸೆದುಕೊಳ್ಳಬಹುದು. ಗಂಡ ಸತ್ತ ಹೆಂಗಸು ಬದುಕಿರುವಾಗ ಎರಡನೆಯವನ ಜೊತೆ ಹಾಗೆ ಮಾಡುವಂತಿಲ್ಲ. ಅಂದರೆ ಈ ಲೋಕದಲ್ಲಿ ಬಹುಪತ್ನಿತ್ವ ನಿಂತರೂ ಪರಲೋಕದಲ್ಲಿ ಬಾಗಿಲು ತೆರೆದೇ ಇದೆ. ಕವಯಿತ್ರಿ ಕ್ಯಾರಲ್ ಲಿನ್ ಪಿಯರ್ಸನ್ 2016ರಲ್ಲಿ ಈ ಭಯದ ಬಗ್ಗೆಯೇ ಒಂದಿಡೀ ಪುಸ್ತಕ ಬರೆದರು. ನಾನು ಸತ್ತರೆ ಅಲ್ಲಿಗೆ ನನ್ನ ಗಂಡ ಇನ್ನೊಬ್ಬಳನ್ನು ಕರೆದುಕೊಂಡು ಬರುತ್ತಾನಾ ಅನ್ನೋ ಭಯ ಚೆನ್ನಾಗಿರುವ ಮದುವೆಯಲ್ಲೂ ಕೊರೆಯುತ್ತೆ.

ಭಾನುವಾರದ ಬೆಂಚು

ಅದು ನನ್ನನ್ನೂ ಕಾಡಿದೆ. ಒಪ್ಪುತ್ತೇನೆ. ಬಿಷಪ್ ಹತ್ತಿರ ಕೇಳಿದರೆ ದೇವರು ನ್ಯಾಯವಂತ, ಎಲ್ಲ ಸರಿಹೋಗುತ್ತೆ ಅನ್ನುತ್ತಾರೆ. ನಂಬುತ್ತೇನೆ, ಆದರೂ ಕೆಲವು ರಾತ್ರಿ ನಿದ್ದೆ ಬರಲ್ಲ.

ಸುಮಾ ಅವರೇ, ಹಳೆಯ ಕಾಲದಲ್ಲಿ ಹೆರಿಗೆಗೆ ಮುಂಚೆ ಹೆಂಗಸರೇ ಬಸುರಿಗೆ ಎಣ್ಣೆ ಹಚ್ಚಿ ಆಶೀರ್ವಾದ ಮಾಡುತ್ತಿದ್ದರಂತೆ, ನಿಜವಾ? ನಾದಿನಿಗೆ ಈಗ ಏಳು ತಿಂಗಳು. ನಮ್ಮಲ್ಲಿ ಆಶೀರ್ವಾದ ಅಂದರೆ ಗಂಡಸರೇ ಬಂದು ಮಾಡಬೇಕು.

ಸುಮಾ_ಯೂಟಾ

ನಿಜ. 19ನೇ ಶತಮಾನದಲ್ಲಿ ಮಾಮೂಲಾಗಿತ್ತು, 20ನೇ ಶತಮಾನದ ಮೊದಲ ದಶಕಗಳಲ್ಲೂ ನಡೆಯುತ್ತಿತ್ತು. ಬಸುರಿಯನ್ನು ತೊಳೆದು, ಎಣ್ಣೆ ಹಚ್ಚಿ, ತಲೆಯ ಮೇಲೆ ಕೈಯಿಟ್ಟು ಒಂದೊಂದು ಅಂಗಕ್ಕೂ ಹರಸುತ್ತಿದ್ದರು. 1946ರ ಒಂದು ಪತ್ರದ ಹೊತ್ತಿಗೆ ಅದನ್ನು ನಿಲ್ಲಿಸಿ, ಗಂಡಸರನ್ನೇ ಕರೆಯಿರಿ ಎಂದಾಯಿತು. ಆಮೇಲೆ ಜನ ಮರೆತರು. 1981ರಲ್ಲಿ ಲಿಂಡಾ ಕಿಂಗ್ ನ್ಯೂವೆಲ್ ಹಳೆಯ ಕಡತ, ದಿನಚರಿ ಹುಡುಕಿ ಲೇಖನ ಬರೆದ ಮೇಲೆ ಮತ್ತೆ ಬೆಳಕಿಗೆ ಬಂತು. ಇವರೇ ಸಹಲೇಖಕಿಯ ಜೊತೆ 1984ರಲ್ಲಿ ಚರ್ಚಿನ ಸ್ಥಾಪಕ ಜೋಸೆಫ್ ಸ್ಮಿತ್ ಅವರ ಹೆಂಡತಿ ಎಮ್ಮಾ ಸ್ಮಿತ್ ಜೀವನಚರಿತ್ರೆ ಬರೆದು, ಚರ್ಚಿನ ಸಭೆಗಳಲ್ಲಿ ಅದರ ಬಗ್ಗೆ ಮಾತಾಡಬಾರದು ಎಂದು ನಿಷೇಧ ಹಾಕಿಸಿಕೊಂಡವರು.

ನಿಮಗೆ ಲಿಂಡಾ ಅವರ ಲೇಖನ ಬೇಡ. 2016ರಲ್ಲಿ ಚರ್ಚಿನ ಇತಿಹಾಸ ವಿಭಾಗವೇ ರಿಲೀಫ್ ಸೊಸೈಟಿಯ ಮೊದಲ 50 ವರ್ಷದ ದಾಖಲೆಗಳನ್ನು ದಪ್ಪ ಸಂಪುಟವಾಗಿ ತಂದಿದೆ, ಆನ್‌ಲೈನಿನಲ್ಲಿ ಉಚಿತ. 1842ರ ಏಪ್ರಿಲ್ 28ರ ನಡಾವಳಿ ತೆಗೆಯಿರಿ. ಹೆಂಗಸರು ಕೈಯಿಟ್ಟು ರೋಗಿಗಳನ್ನು ಹರಸುವುದರಲ್ಲಿ ತಪ್ಪಿಲ್ಲ ಎಂದು ಸ್ವತಃ ಜೋಸೆಫ್ ಸ್ಮಿತ್ ಹೇಳಿದ್ದು ಅಲ್ಲಿದೆ. ಆ ಪುಟವನ್ನೇ ಪ್ರಿಂಟ್ ತೆಗೆದುಕೊಂಡು ನಿಮ್ಮ ರಿಲೀಫ್ ಸೊಸೈಟಿ ಅಧ್ಯಕ್ಷೆಯ ಹತ್ತಿರ ಕೇಳಿ. ಹೊರಗಿನವರ ಮಾತು ಎಂದು ಯಾರೂ ತಳ್ಳಿಹಾಕಲು ಆಗಲ್ಲ. ಏನಂದರು ಅಂತ ಇಲ್ಲೇ ಬಂದು ಬರೆಯಿರಿ, ಹೆಸರು ಬೇಡ.